ಹುಳದ ಮನೆಯ ಸಾಕಕ್ಕ

ನಮ್ಮಕ್ಕ ಸಾಕಮ್ಮ ರೇಷ್ಮೆ ಹುಳುಗಳನ್ನು ಹೆಣ್ಣುಮಕ್ಕಳಂತೆ ಗದರಿಸುತ್ತಿದ್ದಳು. ತಟ್ಟೆಗೆ ಸೊಪ್ಪು ಹರಡುತ್ತಾ, "ತಿನ್ರವ್ವಾ, ಮೂತಿ ತಿರುಗಿಸ್ಬ್ಯಾಡಿ. ರಾಮನಗರದ ಮಾರ್ಕೆಟ್ಟಿಗೆ ಬಡಕಲು ಗೂಡು ಹೋದ್ರೆ ನನ್ ಮರ್ವಾದೆ ಏನಾಯ್ತದೆ?" ಎನ್ನುವಳು. ಊರ ಯಜಮಾನ ಬಂದರೂ ಕಾಲು ತೊಳೆಸಿಯೇ ಹುಳದ ಮನೆಯೊಳಗೆ ಬಿಡುವಳು. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ತನ್ನ ಮದುವೆಗೆ ಮುಂಚೆ ನನಗೆ ಈ ಕೆಲಸ ಕಲಿಸಿದವಳು ಅವಳೇ. ತಪ್ಪಿದರೆ ತಲೆಗೆ ಮೊಟಕಿ, "ಹುಳಕ್ಕಿರೋ ಬುದ್ಧಿನೂ ಇಲ್ವಲ್ಲೋ ನಿಂಗೆ" ಎಂದು ನಗುವಳು.

ಗಂಡ ಸತ್ತ ಮೇಲೆ ಅಕ್ಕ ಕೋಡಿಹಳ್ಳಿಯ ಅತ್ತೆಮನೆಯಿಂದ ನಮ್ಮ ಮನೆಗೇ ವಾಪಸು ಬಂದಿದ್ದಳು. ಆ ವರ್ಷ ಒಂದು ದಿನ, ಮಳೆಯಲ್ಲಿ ನೆನೆದ ಸೊಪ್ಪನ್ನು ಒಣಗಿಸದೆ ನಾನು ಹುಳುಗಳಿಗೆ ಹಾಕಿಬಿಟ್ಟೆ. ಹಾಕಬಾರದೆಂದು ಗೊತ್ತಿತ್ತು, ಸೋಮಾರಿತನ. ವಾರದೊಳಗೆ ಹುಳುಗಳೆಲ್ಲ ಊದಿ, ಹಾಲಿನಂಥ ನೀರು ಸುರಿಸಿ ಸತ್ತವು. ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಹುಳದ ಮನೆಗೆ ಮೈಲಿಗೆ ತಾಕಬಾರದೆಂದು ನಂಬಿದ್ದವನು ಅವನು. ನನ್ನ ತಪ್ಪು ಮುಚ್ಚಿಕೊಳ್ಳಲು ಆ ನಂಬಿಕೆಯನ್ನೇ ಹಿಡಿದೆ.

"ಗಂಡ ಸತ್ತೋಳ್ನ ಒಳಕ್ ಬುಟ್ರೆ ಇನ್ನೇನಾಯ್ತದಪ್ಪ."

"ಇನ್ಮ್ಯಾಕೆ ನೀನು ಹುಳದ್ ಮನೆ ಹೊಸಲು ತುಳೀಬ್ಯಾಡ ಕಣವ್ವ" ಎಂದ ಅಪ್ಪ.

ಅಕ್ಕ ನನ್ನನ್ನೊಮ್ಮೆ ನೋಡಿದಳು. ಮಧ್ಯಾಹ್ನದ ಬಸ್ಸಿಗೆ ಕೋಡಿಹಳ್ಳಿಗೆ ಹೊರಟವಳು ವರ್ಷಗಟ್ಟಲೆ ಇತ್ತ ಬರಲಿಲ್ಲ. ಅಪ್ಪ ಹಾಸಿಗೆ ಹಿಡಿದು, "ನಮ್ ಸಾಕಿ ಕಾಲ್ಗುಣ ಹಂಗಾಗೋಯ್ತಲ್ಲ" ಎಂದು ಕೊರಗುವಾಗಲೂ ನಾನು ತುಟಿ ಬಿಚ್ಚಲಿಲ್ಲ.

ಅಪ್ಪ ತೀರಿಕೊಂಡಾಗಲೇ ಅಕ್ಕ ಬಂದಳು. ತಲೆ ಪೂರಾ ನರೆತಿತ್ತು. ಮನೆಯೊಳಗೆ ಕಾಲಿಡಲಿಲ್ಲ, ಜಗಲಿಯ ಮೇಲೇ ಇದ್ದಳು. ಮೂರನೆಯ ದಿನ ರಸ್ತೆ ಪಕ್ಕದ ನಮ್ಮ ಹೊಲದಲ್ಲಿ, ಅಪ್ಪನನ್ನು ಮಣ್ಣು ಮಾಡಿದ ಜಾಗಕ್ಕೆ ಹಾಲುತುಪ್ಪ ಬಿಟ್ಟೆವು. ನೆಂಟರೆಲ್ಲ ಮನೆ ಕಡೆ ಹೊರಟ ಮೇಲೆ ನಾನು ಅವಳ ಕಾಲು ಹಿಡಿದೆ.

"ಅಕ್ಕ, ಅವತ್ತು ಹುಳಕ್ಕೆ ಒದ್ದೆ ಸೊಪ್ಪು ಹಾಕಿದ್ದು ನಾನು."

"ಗೊತ್ತಿತ್ತು ಕಣ್ಲಾ. ತಟ್ಟೆ ಗುಡ್ಸೋಳು ನಾನಲ್ವಾ? ತಳದಲ್ಲಿ ಸೊಪ್ಪು ಕೊಳ್ತಿತ್ತು."

"ಮತ್ಯಾಕಕ್ಕ ಬಾಯ್ಬಿಡ್ಲಿಲ್ಲ?"

"ನಾನೇಳಿದ್ರೆ ಅಪ್ಪ ನಂಬ್ತಿದ್ನಾ? ಇವತ್ತಲ್ಲ ನಾಳೆ ನೀನೇ ನಿಜ ಏಳ್ತೀಯ, ಅಪ್ಪ ಬಂದು ಕರೀತಾನೆ ಅಂತ ಕಾಯ್ತಾನೇ ಇದ್ದೆ." ಕಾಲು ಬಿಡಿಸಿಕೊಂಡು ಮಣ್ಣಿನ ಗುಡ್ಡೆಯತ್ತ ಕೈ ತೋರಿಸಿದಳು. "ಈಗ ನಂಗೇಳಿ ಏನ್ಲಾ ಬಂತು? ಅಲ್ಲಿ ಮಲ್ಗವ್ನಲ್ಲ, ಅವ್ನಿಗೇಳು."

ಗುಡ್ಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಹೇಳಿದೆ. ಗಟ್ಟಿಯಾಗಿ, ಮತ್ತೆ ಮತ್ತೆ ಹೇಳಿದೆ. ತಿರುಗಿ ನೋಡಿದಾಗ ಅಕ್ಕ ಆಗಲೇ ರಸ್ತೆಗೆ ಇಳಿದು, ಬರುತ್ತಿದ್ದ ಬಸ್ಸಿಗೆ ಕೈ ಅಡ್ಡ ಹಿಡಿದಿದ್ದಳು.