ಮಿಶ್ರಿ ಬಿಟ್ಟ ಎರಡು ದಿನ

ಗುಡಗೇರಿಯಲ್ಲಿ ನಮ್ಮ ಮನೆತನಕ್ಕೆ ನಾಲ್ಕು ತಲೆಮಾರಿನ ಮರ್ಯಾದೆಯಿದೆ. ಚಟವೆಂಬುದು ನಮ್ಮ ಹೊಸ್ತಿಲು ದಾಟಿಲ್ಲ. ಯರಗುಪ್ಪಿಯ ವ್ಯಸನಮುಕ್ತಿ ಶಿಬಿರದಲ್ಲಿ ಭಾಷಣಕ್ಕೆ ಕರೆದಾಗ ಇದನ್ನೇ ಹೇಳಿದೆ. ಸಮಾಲೋಚಕಿ ಹುಡುಗಿ ನನ್ನ ಕಪ್ಪು ವಸಡು ನೋಡಿ, ಮೈಕಿನಲ್ಲೇ ಕೇಳಿದಳು: "ಹಲ್ಲಿಗೆ ಏನ್ ತಿಕ್ಕತೀರಿ ಮೇಡಂ?"

"ಮಿಶ್ರಿ. ಹಲ್ಲುಪುಡಿ."

"ಅದು ಹುರಿದ ತಂಬಾಕ್ರಿ. ಎರಡು ದಿನಾ ಬಿಟ್ಟು ನೋಡ್ರಿ, ತಲಿ ಹೆಂಗಾಗತೈತಿ."

ಚಟ ಬಿಡಲು ಬಂದಿದ್ದ ಹೆಂಗಸರು ಬಾಯಿಗೆ ಸೆರಗಿಟ್ಟು ನಕ್ಕರು. "ಅಕ್ಕಾರೂ ನಮ್ಮ ಪೈಕಿನ ಬಿಡ್ರಿ," ಎಂದಳೊಬ್ಬಳು.

ಕುತೂಹಲಕ್ಕೆ ಬಿಟ್ಟು ನೋಡಿದೆ. ನಿದ್ದೆ ಬರಲಿಲ್ಲ, ಎದೆ ಡವಡವ, ಸೊಸೆಯ ಮೇಲೆ ರೇಗಾಟ, ಕಾರಣವಿಲ್ಲದ ಅಳು. ಎರಡನೆಯ ಸಂಜೆ ಡಬ್ಬಿ ತೆರೆದು ತಿಕ್ಕಿದೆ, ಮನಸ್ಸು ತಣ್ಣಗಾಯಿತು. ಒಂದು ಚಿಟಿಕೆ ಪುಡಿಗೆ ನನ್ನ ಮೇಲೆ ಇಷ್ಟು ಅಧಿಕಾರವೇ?

ಹುಡುಗಿ ಹೇಳಿದ್ದು ನಿಜ. ಅಷ್ಟು ಜನರೆದುರು ಹೇಳಿದ್ದಕ್ಕೆ ಆಕೆ ನನ್ನ ಕ್ಷಮೆ ಕೇಳಬೇಕು.