ದೊರೆ ಕೊಟ್ಟ ಔಷಧಿ

ಆ ಭಾನುವಾರ ಮಧ್ಯಾಹ್ನ ಅವ್ವ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ಅಣ್ಣ ಟವೆಲಿನಲ್ಲಿ ಸುತ್ತಿದ ಶೀಸೆಯೊಂದನ್ನು ಕಂಕುಳಲ್ಲಿ ಅವುಚಿಕೊಂಡು ಬಂದವನು, ಕೊಟ್ಟಿಗೆಗೆ ಬಾ ಎಂದು ನನಗೆ ಕಣ್ಣಲ್ಲೇ ಹೇಳಿದ.

ಅಣ್ಣ ನೆಲಮಂಗಲದ ಆಚೆ, ತುಮಕೂರು ರಸ್ತೆಯ ಬಂಗಲೆಯೊಂದರಲ್ಲಿ ಅಡಿಗೆ ಮಾಡುತ್ತಿದ್ದ. ಯುದ್ಧ ಮುಗಿದು ಅಲ್ಲಿನ ಬಿಳಿಯ ದೊರೆ ತನ್ನ ದೇಶಕ್ಕೆ ಹೊರಟಿದ್ದ. ಹೋಗುವ ಮುಂಚೆ, ಅರ್ಧ ಉಳಿದಿದ್ದ ವಿಸ್ಕಿಯನ್ನು ಅಣ್ಣನಿಗೆ ಕೊಟ್ಟಿದ್ದ. ಅದು ದೊರೆಯ ಊರಿನದೇ ಅಂತೆ. ಅಲ್ಲಿ ಸೌದೆ ಕಡಿಮೆ. ಜೌಗು ನೆಲದ ಮಣ್ಣನ್ನು ಇಟ್ಟಿಗೆಯ ಹಾಗೆ ಕೊಯ್ದು, ಒಣಗಿಸಿ ಉರಿಸುತ್ತಾರೆ. ಮೊಳಕೆ ಬಂದ ಬಾರ್ಲಿಯನ್ನು ಆ ಹೊಗೆಯಲ್ಲಿ ಒಣಗಿಸಿ ಇದನ್ನು ಭಟ್ಟಿ ಇಳಿಸುತ್ತಾರೆ. ಆಮೇಲೆ ದ್ರಾಕ್ಷಿ ಮದ್ಯ ತುಂಬಿಟ್ಟಿದ್ದ ಹಳೆಯ ಪೀಪಾಯಿಗೆ ಸುರಿದು ವರ್ಷಗಟ್ಟಲೆ ಬಿಡುತ್ತಾರೆ. ಇದೆಲ್ಲ ಅಣ್ಣ ಹೇಳಿದ್ದು. ಮಣ್ಣು ಉರಿಯುತ್ತದೆಯೇ ಎಂದು ಕೇಳಿದೆ. ನಮ್ಮ ಬೆರಣಿ ಉರಿಯೋದಿಲ್ಲವೇ ಅಂದ.

ಲೋಟದಲ್ಲಿ ಅದು ಕಾಕಂಬಿ ನೀರಿನ ಬಣ್ಣಕ್ಕಿತ್ತು. ಮೂಗಿನ ಹತ್ತಿರ ತಂದರೆ ಆಸ್ಪತ್ರೆಯ ಟಿಂಚರಿನ ವಾಸನೆ.

"ನುಂಗ್ಬ್ಯಾಡ ಕಣ್ಲಾ. ಒಸಿ ಹೊತ್ತು ಬಾಯಲ್ಲೇ ಮಡಿಕ್ಕೊ," ಅಂದ ಅಣ್ಣ.

ಮೊದಲು ಬಂದದ್ದು ಹೊಗೆ. ಮಳೆಗೆ ಆರಿದ ಒಲೆಯನ್ನು ಮತ್ತೆ ಊದಿದಾಗ ಬರುವಂಥದು. ನಾಲಿಗೆ ಉರಿಯಿತು. ಉಗುಳಬೇಕು ಅನ್ನುವಷ್ಟರಲ್ಲಿ ಅದರ ಅಡಿಯಿಂದ ಒಣದ್ರಾಕ್ಷಿಯ ಸಿಹಿ ಮೆಲ್ಲಗೆ ಎದ್ದು ಬಂತು, ಬೆಲ್ಲದ ಪಾಕ ತಳ ಹಿಡಿದಾಗಿನ ಕಹಿಯೂ ಜೊತೆಗೆ. ನುಂಗಿ ಎಷ್ಟೋ ಹೊತ್ತಾದ ಮೇಲೂ ಗಂಟಲಲ್ಲಿ ಹೊಗೆ ನಿಂತೇ ಇತ್ತು. ಅಣ್ಣ ಕಣ್ಣು ಮುಚ್ಚಿ ಕೂತಿದ್ದ. ಅವನ ಮುಖ ಅಷ್ಟು ನೆಮ್ಮದಿಯಾಗಿದ್ದುದನ್ನು ನಾನು ಬೇರೆ ಯಾವತ್ತೂ ಕಾಣಲಿಲ್ಲ.

ಅಷ್ಟರಲ್ಲಿ ಅವ್ವ ಬಾಗಿಲಲ್ಲಿ ನಿಂತಿದ್ದಳು.

ನಮ್ಮ ಮನೆಯೊಳಕ್ಕೆ ಹೆಂಡ, ಸಾರಾಯಿ ಬರುವಂತಿರಲಿಲ್ಲ. ಅಪ್ಪ ಸತ್ತದ್ದೇ ಅದರಿಂದ. ಪಿತೃಪಕ್ಷದಲ್ಲಿ ಊರಿನ ಬೇರೆ ಮನೆಗಳವರು, ಸತ್ತವರಿಗೆ ಇಷ್ಟವಾಗಿದ್ದ ಸಾರಾಯಿಯನ್ನೂ ಎಡೆಯ ಎಲೆಯ ಪಕ್ಕ ಇಡುತ್ತಿದ್ದರು. ಅವ್ವ ಅಪ್ಪನಿಗೆ ಒಂದು ವರ್ಷವೂ ಇಟ್ಟವಳಲ್ಲ.

"ಏನ್ಲಾ ಅದು, ನಾತ?"

ಅಣ್ಣ ತಲೆ ತಗ್ಗಿಸಿದ. ಉತ್ತರ ಕೊಟ್ಟವನು ನಾನು.

"ಔಷ್ದಿ ಕಣವ್ವ. ಜ್ವರಕ್ಕೆ. ದೊರೆ ಕೊಟ್ಟವ್ರೆ."

ಅವಳು ಶೀಸೆಯನ್ನು ಮೂಸಿ ನೋಡಿದಳು. ಟಿಂಚರಿನ ವಾಸನೆ ನನ್ನ ಪರವಾಗಿ ಸಾಕ್ಷಿ ಹೇಳಿತು. ಜೊತೆಗೆ ನಾನು ಓದಿದವನು, ಸಾಸಲಿನ ಶಾಲೆಯಲ್ಲಿ ಮೇಷ್ಟರು. ಅವ್ವ ಬಿರಡೆ ಬಿಗಿದು, ದೇವರ ಗೂಡಿನ ಪಕ್ಕದಲ್ಲಿ ಜೋಪಾನವಾಗಿ ಇಟ್ಟಳು. ಅಣ್ಣ ಟವೆಲು ಬಾಯಿಗೆ ಒತ್ತಿಕೊಂಡು ನಕ್ಕ.

ಸೋಮವಾರ ನಾನು ಸಾಸಲಿಗೆ ಹೋದೆ. ಶನಿವಾರ ಬಂದಾಗ ಅಣ್ಣ ಕಂಬಳಿ ಹೊದ್ದು ಮಲಗಿದ್ದ. ಮಾತಿರಲಿಲ್ಲ. ಮಂಗಳವಾರವೇ ಜ್ವರ ಬಂದಿತ್ತಂತೆ. ಪಕ್ಕದ ಮನೆಯವರು ಗಾಡಿ ಕಟ್ಟುತ್ತೇವೆ, ಆಸ್ಪತ್ರೆಗೆ ಹೋಗೋಣ ಎಂದರೂ, ದೊರೆಯ ಔಷಧಿ ಮನೆಯಲ್ಲೇ ಇದೆಯಲ್ಲ ಎಂದು ಅವ್ವ ಬೇಡ ಅಂದಿದ್ದಳು. ಮೂರು ಹೊತ್ತೂ ಒಂದೊಂದು ಚಮಚ ಕುಡಿಸಿದ್ದಳು. ಕಾಲು ತಣ್ಣಗಾದಾಗ, ಶೀಸೆ ಬರಿದಾಗುವ ತನಕ ಅದನ್ನೇ ಅಂಗಾಲಿಗೆ ಉಜ್ಜಿದ್ದಳು; ಕಂಬಳಿಗೂ ಸಾಕಷ್ಟು ಚೆಲ್ಲಿತ್ತು. ಮೊದಲನೆಯ ದಿನ ಅವನಿಗೆ ಎಚ್ಚರವಿತ್ತು. ಚಮಚ ಕಂಡು ನಕ್ಕು, ಕೊಡವ್ವ ಅಂದನಂತೆ. ನನ್ನ ಸುಳ್ಳನ್ನು ಅವನು ಬಿಟ್ಟುಕೊಡಲಿಲ್ಲ.

ಗಾಡಿ ಕಟ್ಟಿದೆವು. ನೆಲಮಂಗಲದ ಡಾಕ್ಟರು ನಾಡಿ ನೋಡಿ, ಎರಡು ದಿನ ಮುಂಚೆ ತರಬೇಕಿತ್ತು ಎಂದಷ್ಟೇ ಹೇಳಿದರು. ಸಂಜೆಯ ಹೊತ್ತಿಗೆ ಅಣ್ಣ ಹೋಗಿಬಿಟ್ಟ.

ಅವ್ವ ಆ ಕಂಬಳಿಯನ್ನು ಒಗೆಯಲು ಬಿಡಲಿಲ್ಲ. ಮೋಡ ಕವಿದ ದಿನ ಅದರಿಂದ ಹೊಗೆಯ ವಾಸನೆ ಏಳುತ್ತಿತ್ತು. ಒಲೆ ಹಚ್ಚಿಲ್ಲದ ಮನೆಯಲ್ಲಿ ಹೊಗೆ. ಒಮ್ಮೊಮ್ಮೆ ನಾನು ಕೊಟ್ಟಿಗೆಗೆ ಹೋಗಿ ನೋಡಿ ಬರುತ್ತಿದ್ದೆ. ಅಲ್ಲಿ ದನ ಬಿಟ್ಟರೆ ಯಾರೂ ಇರುತ್ತಿರಲಿಲ್ಲ.

ಆ ವರ್ಷ ಪಿತೃಪಕ್ಷಕ್ಕೆ ಅವ್ವ ಎಲೆ ಹಾಸಿ ಮುದ್ದೆ, ಕೋಳಿ ಸಾರು, ವಡೆ ಎಲ್ಲ ಬಡಿಸಿದಳು. ಕೊನೆಗೆ ನನ್ನ ಕಡೆ ತಿರುಗಿದಳು.

"ಆ ಔಷ್ದಿ ಒಂದ್ ಚಮ್ಚ ಸಿಕ್ತದಾ ಮಗ? ಎಡೆಗಿಡಾನ. ಕಡೇಲಿ ಅವನ ಬಾಯಿಗೆ ಹೋಗಿದ್ದು ಅದೊಂದೇ ಕಣಪ್ಪ."

ಈ ದೇಶದಲ್ಲಿ ಸಿಗುವುದಿಲ್ಲ ಅಂದೆ. ಮರುವರ್ಷವೂ ಕೇಳಿದಳು. ಬೆಂಗಳೂರಿನ ದಂಡು ಪ್ರದೇಶದ ಅಂಗಡಿಯಿಂದ ಒಂದು ಶೀಸೆ ವಿಸ್ಕಿ ತಂದು, ಆಸ್ಪತ್ರೆಯ ಔಷಧಿ ಶೀಸೆಯೊಂದಕ್ಕೆ ತುಂಬಿ ಕೊಟ್ಟೆ. ಮೂಸಿ ನೋಡಿ, ಇದು ಅದಲ್ಲ, ಇದು ನಿಮ್ಮಪ್ಪನ ನಾತ ಎಂದು ಅಂಗಳಕ್ಕೆ ಚೆಲ್ಲಿದಳು. ಆಗ ಹೇಳಬಹುದಿತ್ತು. ಹೇಳಿದ್ದರೆ, ಮಗನಿಗೆ ತಾನು ಕೈಯಾರೆ ಕುಡಿಸಿದ್ದು ಏನೆಂದು ಅವಳಿಗೆ ತಿಳಿಯುತ್ತಿತ್ತು. ಹೇಳದೆ ಇದ್ದುದಕ್ಕೆ, ಆ ಔಷಧಿ ಇನ್ನೊಂದು ಶೀಸೆ ಇದ್ದಿದ್ದರೆ ಮಗ ಉಳಿಯುತ್ತಿದ್ದ ಎಂದು ಕಂಡವರಿಗೆಲ್ಲ ಹೇಳಿಕೊಂಡು ಓಡಾಡಿದಳು.

ಈಗ ಅವ್ವನಿಗೂ ನಾನೇ ಎಡೆ ಇಡುತ್ತೇನೆ. ಅದು ಔಷಧಿಯಲ್ಲ ಎಂಬ ಮಾತನ್ನು ನಾನು ಅವಳಿಗೆ ಹೇಳಲೇ ಇಲ್ಲ.