ಮಾಸ್ತಿಕಲ್ಲಿನ ಮೇಲಿನ ರುಮಾಲು

ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ನಾನು ಚಿಕ್ಕವಳಿದ್ದಾಗ ಚಿತ್ರದುರ್ಗದಲ್ಲಿ ಸರ್ಕಾರದವರು ಒಂದು ಕೋಣೆ ತೆರೆದು, ಮಕ್ಕಳು ನೋಡಿ ಕಲಿಯಲೆಂದು ಹಳೆಯ ವಸ್ತುಗಳನ್ನು ಜೋಡಿಸಿಟ್ಟರು. ಊರಿನವರು ಅದನ್ನು ತಮಾಷೆ ಬಂಗ್ಲೆ ಎನ್ನುತ್ತಿದ್ದರು. ಎಲ್ಲರಿಗೂ ಪುಕ್ಕಟೆ ಎಂದು ಡಂಗುರ ಸಾರಿಸಿದ್ದರು.

ಶುರುವಿನಲ್ಲಿ ಒಮ್ಮೆ ಸೋದರಮಾವನ ಜೊತೆ ಒಳಗೆ ಹೋಗಿದ್ದೆ. ಗಾಜಿನ ಪೆಟ್ಟಿಗೆಗಳಲ್ಲಿ ಸೀಸದ ನಾಣ್ಯ, ಬಾಣದ ಮೊನೆ, ಹಕ್ಕಿಯ ಮೊಟ್ಟೆ, ನಮ್ಮ ಗುಡ್ಡಗಳಿಂದ ಅಗೆದು ತೆಗೆದ ಬಣ್ಣಬಣ್ಣದ ಕಲ್ಲು. ದಿನಾ ಕಾಲಲ್ಲಿ ಒದೆಯುತ್ತಿದ್ದ ಕೆಂಪು ಕಲ್ಲಿನಲ್ಲಿ ಕಬ್ಬಿಣವಿದೆ ಎಂದು ತಿಳಿದದ್ದು ಅಲ್ಲೇ. ನನ್ನನ್ನು ಶಾಲೆಗೆ ಕಳಿಸಿರಲಿಲ್ಲ. ಮಾವ ಮನೆಯಲ್ಲಿ ಅಕ್ಷರ ತಿದ್ದಿಸಿದ್ದ, ಅಷ್ಟೆ. ನನಗೊಂದು ಶಾಲೆ ಇದ್ದರೆ ಅದು ಇದೇ ಎಂದು ಆವತ್ತೇ ನಿಶ್ಚಯ ಮಾಡಿಕೊಂಡೆ.

ಮುಂದಿನ ವಾರ ಒಬ್ಬಳೇ ಹೋದೆ. ಬಾಗಿಲು ಕಾಯುವ ಜವಾನ ಶಾಲೆಯ ಹುಡುಗರನ್ನು ಒಳಗೆ ಬಿಟ್ಟು, ನನ್ನನ್ನು ಜಡೆ ಹಿಡಿದು ಎಳೆದ.

“ಎಲ್ಲಿಗ್ ನುಗ್ತೀಯಲೇ? ಪುಕ್ಕಟೆ ಅಂದ್ರೆ ಗಂಡುಡುಗ್ರಿಗೆ. ನೀನ್ ಹೋಗಿ ಒಲೆ ಊದು.”

ಹುಡುಗರು ಹಲ್ಲು ಕಿರಿದರು. ಮೆಟ್ಟಿಲ ಮೇಲೆ ಬಿದ್ದು ಮೊಣಕಾಲು ತರಚಿತು. ನಾನು ಅಳಲಿಲ್ಲ. ಇವನಿಗೆ ಎಲ್ಲಿ ಹೊಡೆದರೆ ನೋಯುತ್ತದೆ ಎಂದು ಬಿದ್ದಲ್ಲಿಂದಲೇ ಅವನನ್ನು ನೋಡುತ್ತಿದ್ದೆ.

ಸೆಕೆಗೆ ಅವನು ತಲೆಯ ರುಮಾಲು ತೆಗೆದು, ಬಾಗಿಲ ಒಳಮಗ್ಗುಲಲ್ಲಿ ನಿಲ್ಲಿಸಿದ್ದ ಕಲ್ಲಿನ ಮೇಲೆ ಇಟ್ಟ. ಬಳೆ ತೊಟ್ಟ ಕೈ ಮೇಲೆತ್ತಿದ ಮಾಸ್ತಿಕಲ್ಲು ಅದು, ಗಂಡನ ಚಿತೆ ಏರಿದವಳ ನೆನಪಿಗೆ ನೆಟ್ಟದ್ದು. ಭರಮಸಾಗರದ ಕೆರೆ ಏರಿಯಿಂದ ತಂದದ್ದೆಂದು ಮಾವ ಹೇಳಿದ್ದ. ಭರಮಸಾಗರ ನನ್ನ ಅಜ್ಜಿಯ ತವರು.

ಮನೆಗೆ ಬಂದು ಜಡೆಯ ಮಾತನ್ನು ಎತ್ತಲೇ ಇಲ್ಲ. “ಅಜ್ಜೀ, ನಿಮ್ಮೂರ ಮಾಸ್ತವ್ವನ ತಲೆ ಮ್ಯಾಲೆ ಜವಾನ ರುಮಾಲು ಇಕ್ಕವ್ನೆ,” ಅಂದೆ.

ಅಜ್ಜಿ ರೊಟ್ಟಿ ತಟ್ಟುವುದನ್ನು ಬಿಟ್ಟು ಎದ್ದಳು. “ಅರಿಶ್ನ ಇಲ್ದೆ ಕುಂಕ್ಮ ಇಲ್ದೆ ನಮ್ಮವ್ವನ್ನ ಒಣಗ್ಸಿದ್ದು ಸಾಲ್ದು ಅಂತ ರುಮಾಲು ಬ್ಯಾರೆ ಇಕ್ಕವ್ನಾ?”

ಮಂಗಳವಾರ ನಮ್ಮ ಬೀದಿಯ ಹೆಂಗಸರೆಲ್ಲ ಎಣ್ಣೆ, ಬಳೆ, ತೆಂಗಿನಕಾಯಿ ಹಿಡಿದು ಹೊರಟರು. ಜವಾನ ಬಾಗಿಲಿಗೆ ಅಡ್ಡ ನಿಂತ. “ಇದು ಗುಡಿ ಅಲ್ರವ್ವಾ, ಸರ್ಕಾರದ್ದು!”

“ಎಲ್ಲಾರ್ಗೂ ಪುಕ್ಕಟೆ ಅಂತ ಡಂಗುರ ಹೊಡ್ಸಿದ್ದು ಯಾರು? ಮೊದ್ಲು ಮೆಟ್ಟು ಹೊರಗೆ ಬಿಡೋ. ತಪ್ಪಾಯ್ತು ಅಂತ ಗಲ್ಲ ಬಡ್ಕ,” ಅಂದಳು ಅಜ್ಜಿ.

ದೇವರ ವಿಷಯಕ್ಕೆ ಅವನೂ ಹೆದರುವವನೇ. ಬರಿಗಾಲಲ್ಲಿ, ಬರಿತಲೆಯಲ್ಲಿ ನಿಂತು ಗಲ್ಲ ಗಲ್ಲ ಬಡಿದುಕೊಂಡ. ನಾನು ಎಲ್ಲರಿಗಿಂತ ಮುಂದೆ ನಿಂತು, ಕಣ್ಣು ಮಿಟುಕಿಸದೆ ನೋಡಿದೆ. ಅಂಥ ಸುಖ ನನಗೆ ಮುಂದೆ ಯಾವ ಹಬ್ಬದಲ್ಲೂ ಸಿಗಲಿಲ್ಲ.

ಆಮೇಲೆ ಮಂಗಳವಾರ, ಶುಕ್ರವಾರ ತಪ್ಪದೆ ಪೂಜೆ ನಡೆಯಿತು. ಹೆಂಗಸರ ಸೆರಗು ಹಿಡಿದು ಬೀದಿಯ ಹುಡುಗಿಯರೆಲ್ಲ ಒಳಗೆ ಬಂದರು. ನಾನು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಅವರನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ. ಕರ್ಪೂರದ ಹೊಗೆಗೆ ಗಾಜು ಕಪ್ಪಾಗುತ್ತಿದ್ದುದು ನನಗೂ ಕಾಣುತ್ತಿತ್ತು. ಆದರೆ ಜವಾನ ನೆಲದ ಎಣ್ಣೆ ಒರೆಸುತ್ತಿದ್ದುದು ಅದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು.

ಕೊನೆಗೆ ಮೈಸೂರಿನಿಂದ ಒಬ್ಬ ಅಧಿಕಾರಿ ತನಿಖೆಗೆ ಬಂದ. ಹೊಸಿಲಲ್ಲೇ ಎಣ್ಣೆಯ ಮೇಲೆ ಕಾಲಿಟ್ಟು ಜಾರಿ ಬಿದ್ದ. ಅದೇ ದಿನ ಮಾಸ್ತವ್ವ ಗಾಡಿ ಏರಿ ಕೆರೆ ಏರಿಗೆ ಹಿಂದಿರುಗಿದಳು. ಜವಾನನನ್ನು ಕೆಲಸದಿಂದ ತೆಗೆದರು. ಕೋಣೆಗೆ ಬೀಗ ಹಾಕಿದರು.

ಮಾರನೆಯ ದಿನ ಹೋದಾಗ ಅವನು ಮೆಟ್ಟಿಲ ಮೇಲೆ ಕುಳಿತಿದ್ದ. ಹೆಗಲ ಮೇಲೆ ಸರ್ಕಾರಿ ಬಿಲ್ಲೆಯ ಪಟ್ಟಿ, ಆ ಡವಾಲಿ, ಇರಲಿಲ್ಲ. ಬೈಯಲಿಲ್ಲ. “ನೋಡವ್ವಾ, ನಾನೂ ಹೊರಗೆ, ನೀನೂ ಹೊರಗೆ,” ಅಂದ.

ಆ ಬೀಗವನ್ನು ಮತ್ತೆ ಯಾರೂ ತೆಗೆಯಲಿಲ್ಲ. ಅವನ ಬರಿ ಹೆಗಲನ್ನು ನೋಡಿ ಹೊಟ್ಟೆ ತಣ್ಣಗಾಗಿತ್ತು, ಇವತ್ತಿಗೂ ತಣ್ಣಗೇ ಇದೆ. ಆದರೆ ಆ ಹೊತ್ತು ಮನೆಗೆ ಬಂದು, ಒಲೆ ಊದಲು ಕುಳಿತವಳು ನಾನೇ.